ವಿದ್ಯಾರ್ಥಿ ಸಮ್ಮೇಳನದಲ್ಲಿ ಸಂತೋಷದ ಬಗ್ಗೆ ಕಾರ್ಯಾಗಾರ ನಡೆಸಬೇಕು, ದೇಶವಾರು ಅಂಕ ಹೋಲಿಸಬಹುದಾ?

ಮಂದಾರ (ಪ್ರಶ್ನೆ):

ಎಲ್ಲರಿಗೂ ನಮಸ್ಕಾರ. ನಾನು ಮನಶ್ಶಾಸ್ತ್ರ ಎಂಎ ಎರಡನೇ ವರ್ಷದಲ್ಲಿದ್ದೇನೆ. ಅಂತರರಾಷ್ಟ್ರೀಯ ಮನಶ್ಶಾಸ್ತ್ರ ವಿದ್ಯಾರ್ಥಿ ಸಮ್ಮೇಳನ ಒಂದಕ್ಕೆ ಅರ್ಜಿ ಹಾಕಿದ್ದೆ, ಆಯ್ಕೆ ಆಗಿದೆ. ಈ ಸಲದ ವಿಷಯ ಸಂತೋಷ ಮತ್ತು ಸಂಸ್ಕೃತಿ. ನನಗೆ ಸಿಕ್ಕಿರುವುದು ಪೋಸ್ಟರ್ ಅಲ್ಲ, ಒಂದೂವರೆ ಗಂಟೆಯ ಕಾರ್ಯಾಗಾರ. ಸುಮಾರು ಮೂವತ್ತು ಜನ ಬರುತ್ತಾರಂತೆ, ಎಲ್ಲಾ ಬೇರೆ ಬೇರೆ ದೇಶದವರು. ಖುಷಿಯೂ ಇದೆ, ಭಯವೂ ಇದೆ.

ನನ್ನ ಪ್ಲಾನ್ ಹೀಗಿದೆ. ಎಡ್ ಡೀನರ್ ಮತ್ತು ಜೊತೆಗಾರರು 1985ರಲ್ಲಿ ಕೊಟ್ಟ ಬಾಳಿನ ತೃಪ್ತಿಯ ಸ್ಕೇಲ್ ಇದೆಯಲ್ಲ, ಅದನ್ನು ಎಲ್ಲರ ಕೈಲೂ ತುಂಬಿಸುವುದು. ಐದೇ ವಾಕ್ಯ, ಒಂದೊಂದಕ್ಕೆ 1ರಿಂದ 7ರವರೆಗೆ ಅಂಕ, ಒಟ್ಟು 5ರಿಂದ 35. ಬೇಗ ಮುಗಿಯುತ್ತದೆ. ಆಮೇಲೆ ದೇಶವಾರು ಸರಾಸರಿ ಬೋರ್ಡ್ ಮೇಲೆ ಬರೆದು, ಯಾಕೆ ಹೀಗೆ ಬಂತು ಅಂತ ಚರ್ಚೆ. ಗೈಡ್ ಸರಿ ಅಂದಿದ್ದಾರೆ. ಆದರೂ ಏನೋ ಸರಿ ಇಲ್ಲ ಅಂತ ಅನಿಸುತ್ತಲೇ ಇದೆ, ಏನು ಅಂತ ಗೊತ್ತಾಗುತ್ತಿಲ್ಲ.

ಇನ್ನೊಂದು ವಿಷಯ. ಸಂತೋಷದ ಮೇಲಿನ ಎಲ್ಲಾ ಪ್ರೆಸೆಂಟೇಷನ್‌ಗಳಲ್ಲೂ ಎರಡು ಸ್ಲೈಡ್ ನೋಡಿದ್ದೇನೆ. ಒಂದು, ಲಾಟರಿ ಗೆದ್ದವರೂ ಅಪಘಾತದಲ್ಲಿ ಕೈಕಾಲು ಸ್ವಾಧೀನ ಕಳೆದುಕೊಂಡವರೂ ಕೊನೆಗೆ ಅಷ್ಟೇ ಸಂತೋಷವಾಗಿರುತ್ತಾರೆ ಅನ್ನುವುದು. ಇನ್ನೊಂದು, ಒಂದು ಕೆಟ್ಟ ಭಾವನೆಗೆ ಮೂರು ಒಳ್ಳೆಯ ಭಾವನೆ ಇರಬೇಕು ಅನ್ನುವ ಲೆಕ್ಕ. ಇವನ್ನು ನಾನೂ ಹಾಕಬಹುದಾ?

ಕೊನೆಯದಾಗಿ, ಒಂದು ರಾತ್ರಿ ಸಾಂಸ್ಕೃತಿಕ ಕಾರ್ಯಕ್ರಮ ಇದೆ. ಪ್ರತಿ ದೇಶದವರೂ ವೇದಿಕೆ ಮೇಲೆ ಏನಾದರೂ ಮಾಡಬೇಕು. ನನಗೆ ಹಾಡು, ಕುಣಿತ ಎರಡೂ ಬರಲ್ಲ. ಜನರ ಜೊತೆ ಬೇಗ ಬೆರೆಯುವ ಸ್ವಭಾವವೂ ಅಲ್ಲ. ಇಂಥವರಿಗೆ ಈ ಸಮ್ಮೇಳನಗಳಿಂದ ಏನಾದರೂ ಸಿಗುತ್ತದಾ? ಹೋಗಿ ಬಂದವರು ದಯವಿಟ್ಟು ಹೇಳಿ.

ಬೆಳದಿಂಗಳು:

ಅಭಿನಂದನೆಗಳು ಮಂದಾರ! ತುಂಬಾ ಒಳ್ಳೆ ಅವಕಾಶ. ನನ್ನ ಸಲಹೆ: ವರ್ಲ್ಡ್ ಹ್ಯಾಪಿನೆಸ್ ರಿಪೋರ್ಟಿನ ಪಟ್ಟಿ ತೋರಿಸಿ ಶುರು ಮಾಡಿ. 2018ರಿಂದ 2025ರವರೆಗೆ ಪ್ರತಿ ಸಲವೂ ಫಿನ್ಲೆಂಡೇ ಮೊದಲು. ತಮ್ಮ ದೇಶ ಎಷ್ಟನೇ ಸ್ಥಾನದಲ್ಲಿದೆ ಅಂತ ಎಲ್ಲರೂ ಹುಡುಕುತ್ತಾರೆ, ಮಾತು ತಾನಾಗಿ ಹತ್ತಿಕೊಳ್ಳುತ್ತದೆ.

ಹಳೇ ಡೆಲಿಗೇಟ್:

ಮಂದಾರ, ನಿಮಗೆ ಅನಿಸಿದ್ದು ಸರಿ. ಆ ಪ್ಲಾನ್ ಬಿಡಿ ಅಂತ ನಾನು ನೇರವಾಗಿ ಹೇಳುತ್ತೇನೆ, ಯಾಕೆ ಅಂತಲೂ ಹೇಳುತ್ತೇನೆ. ವಿದ್ಯಾರ್ಥಿಯಾಗಿದ್ದಾಗ ಇಂಥ ಸಮ್ಮೇಳನಗಳಿಗೆ ಹೋಗಿದ್ದೇನೆ, ಆಮೇಲೆ ಸಂಘಟಕರ ತಂಡದಲ್ಲೂ ಕೆಲಸ ಮಾಡಿದ್ದೇನೆ. ಈಗ ಪಾಠ ಮಾಡುತ್ತೇನೆ. ಈ ವಿಷಯ ನನಗೆ ಬಹಳ ಹತ್ತಿರದ್ದು, ಹಾಗಾಗಿ ಉತ್ತರ ಉದ್ದ ಆಗುತ್ತದೆ.

ಬೋರ್ಡ್ ಮೇಲೆ ದೇಶದ ಹೆಸರು, ಪಕ್ಕದಲ್ಲಿ ಒಂದು ಅಂಕಿ ಬಂದ ಕೂಡಲೇ ಆ ಕೋಣೆಯಲ್ಲಿ ಒಂದು ಬದಲಾವಣೆ ಆಗುತ್ತದೆ. ಅಲ್ಲಿಯವರೆಗೆ ಇಪ್ಪತ್ತೆರಡು ವರ್ಷದ ಹುಡುಗ, ಹುಡುಗಿ ಆಗಿದ್ದವರು ತಟ್ಟನೆ ತಮ್ಮ ದೇಶದ ರಾಯಭಾರಿಗಳಾಗುತ್ತಾರೆ. ಕಡಿಮೆ ಅಂಕ ಬಂದವರು ಸಮಜಾಯಿಷಿ ಕೊಡಲು ಶುರು ಮಾಡುತ್ತಾರೆ. ಜಾಸ್ತಿ ಬಂದವರು ಮುಜುಗರದಿಂದ ಸುಮ್ಮನಾಗುತ್ತಾರೆ. ನಾನು ಕೂತಿದ್ದ ಒಂದು ಗುಂಪಿನಲ್ಲಿ ಹೀಗೇ ಆಯಿತು. ಒಬ್ಬ ಹುಡುಗಿ ಐದು ವಾಕ್ಯಕ್ಕೂ ನಡುವಿನ 4 ಹಾಕಿದ್ದಳು. ನೀನು ಬೇಜಾರಿನಲ್ಲಿ ಇದ್ದೀಯಾ ಅಂತ ಪಕ್ಕದವನು ಕಾಳಜಿಯಿಂದಲೇ ಕೇಳಿದ. ಇಲ್ಲಪ್ಪಾ, ಚೆನ್ನಾಗಿದ್ದೀನಿ, ಅದಕ್ಕೇ 4 ಹಾಕಿದ್ದು ಅಂದಳು. ಎಲ್ಲಾ ಸರಿ ಇದೆ ಅಂತ ಜೋರಾಗಿ ಹೇಳಿಕೊಳ್ಳುವುದು ಅವಳ ಮನೆಯಲ್ಲಿ ಒಳ್ಳೆಯದಲ್ಲವಂತೆ, ಹೇಳಿದರೆ ಕೈತಪ್ಪಿ ಹೋಗುತ್ತದೆ ಅನ್ನುವ ಭಯವಂತೆ. ಆ ಹೊತ್ತಿನ ಇಡೀ ಚರ್ಚೆಯಲ್ಲಿ ಅತ್ಯಂತ ಮುಖ್ಯವಾದ ಮಾತು ಅದು. ಬೋರ್ಡ್ ಮೇಲಿನ ಸರಾಸರಿಯಲ್ಲಿ ಆ ಮಾತು ಎಲ್ಲೂ ಕಾಣಿಸುತ್ತಿರಲಿಲ್ಲ.

ಇದು ಒಬ್ಬಳ ವಿಷಯ ಮಾತ್ರ ಅಲ್ಲ. ಮೊಹ್ಸೆನ್ ಜೋಶನ್‌ಲೂ ಮತ್ತು ಡ್ಯಾನ್ ವೈಯರ್ಸ್ 2014ರಲ್ಲಿ ಇದರ ಮೇಲೇ ಒಂದು ಲೇಖನ ಬರೆದರು. ತುಂಬಾ ಸಂತೋಷಪಟ್ಟರೆ ಆಮೇಲೆ ಕೆಡುಕು ಬರುತ್ತದೆ, ಸಂತೋಷ ತೋರಿಸಿಕೊಳ್ಳುವುದು ಬೇರೆಯವರಿಗೆ ನೋವು ಮಾಡುತ್ತದೆ, ಇಂಥ ನಂಬಿಕೆಗಳು ಎಷ್ಟೊಂದು ಸಮಾಜಗಳಲ್ಲಿ ಇವೆ ಅಂತ ಅದರಲ್ಲಿ ಇದೆ. ನಡುವಿನ ಅಂಕಿ ಹಾಕುವ ರೂಢಿಯೂ ಬೇರೆ ಬೇರೆ. ಚೆನ್, ಲೀ ಮತ್ತು ಸ್ಟೀವನ್ಸನ್ 1995ರಲ್ಲಿ ಹೈಸ್ಕೂಲ್ ಮಕ್ಕಳ ಉತ್ತರಗಳನ್ನು ನೋಡಿದರು. ಜಪಾನ್ ಮತ್ತು ತೈವಾನ್ ಮಕ್ಕಳು ನಡುವಿನ ಅಂಕಿಯನ್ನು ಜಾಸ್ತಿ ಆರಿಸಿದ್ದರು, ಅಮೆರಿಕದವರು ತುದಿಯ ಅಂಕಿಗಳನ್ನು. ಹಾಗಿರುವಾಗ ನಿಮ್ಮ ಬೋರ್ಡ್ ಮೇಲೆ ಕಾಣುವ ವ್ಯತ್ಯಾಸ ಸಂತೋಷದ್ದಾ, ಪೆನ್ನು ಹಿಡಿಯುವ ರೂಢಿಯದ್ದಾ? ಒಂದು ದೇಶದಿಂದ ಇಬ್ಬರು, ಇನ್ನೊಂದರಿಂದ ಒಬ್ಬರು ಇರುವ ಕೋಣೆಯಲ್ಲಿ ‘ದೇಶದ ಸರಾಸರಿ’ ಅನ್ನುವ ಮಾತಿಗೆ ಅರ್ಥವೇ ಇಲ್ಲ.

ಬೆಳದಿಂಗಳು ಅವರೇ, ಪಟ್ಟಿ ತೋರಿಸಬೇಡಿ ಅಂತ ಹೇಳಲ್ಲ. ಆದರೆ ಆ ಪಟ್ಟಿ ಯಾವ ಪ್ರಶ್ನೆಯಿಂದ ಬಂತು ಅಂತ ಮೊದಲು ಹೇಳಬೇಕು. ಹ್ಯಾಡ್ಲಿ ಕ್ಯಾಂಟ್ರಿಲ್ 1965ರ ಪುಸ್ತಕದಲ್ಲಿ ಕೊಟ್ಟ ಏಣಿ ಪ್ರಶ್ನೆ ಅದು. ಮೇಲಿನ ಮೆಟ್ಟಿಲು 10, ನಿಮಗೆ ಸಾಧ್ಯವಿರುವ ಅತ್ಯುತ್ತಮ ಬಾಳು. ಕೆಳಗಿನದು 0, ಅತಿ ಕೆಟ್ಟ ಬಾಳು. ನೀವೀಗ ಎಲ್ಲಿ ನಿಂತಿದ್ದೀರಿ? ಅದರಲ್ಲಿ ಸಂತೋಷ ಅನ್ನುವ ಮಾತೇ ಇಲ್ಲ. ಈ ಪ್ರಶ್ನೆಯನ್ನು ದೇಶ ದೇಶಗಳಲ್ಲಿ ಕೇಳಿ ಉತ್ತರ ಕಲೆಹಾಕುವುದು ಗ್ಯಾಲಪ್ ಅನ್ನುವ ಸಮೀಕ್ಷೆ ಸಂಸ್ಥೆ. ಅದೇ ಸಂಸ್ಥೆ ನಿನ್ನೆ ನೀವು ನಕ್ಕಿರಾ, ಚೆನ್ನಾಗಿ ವಿಶ್ರಾಂತಿ ಸಿಕ್ಕಿತಾ, ಜನ ನಿಮ್ಮನ್ನು ಗೌರವದಿಂದ ಕಂಡರಾ ಅಂತಲೂ ಕೇಳುತ್ತದೆ. ಆ ಉತ್ತರಗಳಲ್ಲಿ ಪರಾಗ್ವೆಯಂಥ ಲ್ಯಾಟಿನ್ ಅಮೆರಿಕದ ದೇಶಗಳು ಎಷ್ಟೋ ವರ್ಷ ಮೇಲೆ ಬಂದಿವೆ. ಪ್ರಶ್ನೆ ಬದಲಾದರೆ ‘ಸಂತೋಷದ ದೇಶ’ವೂ ಬದಲಾಗುತ್ತದೆ. ಎರಡನ್ನೂ ಪಕ್ಕಪಕ್ಕ ಇಟ್ಟರೆ ಮಾತ್ರ ಅದು ಪಾಠ.

ಹಾಗಾದರೆ ಆ ಒಂದೂವರೆ ಗಂಟೆಯಲ್ಲಿ ಏನು ಮಾಡುವುದು? ನಾನಾಗಿದ್ದರೆ ಹೀಗೆ ಮಾಡುತ್ತೇನೆ. ಮೊದಲು ಪ್ರತಿಯೊಬ್ಬರೂ ಒಂದು ಹಾಳೆ ತೆಗೆದುಕೊಂಡು, ಇತ್ತೀಚೆಗೆ ತಮಗೆ ‘ಬಾಳು ಇರಬೇಕಾದ್ದು ಹೀಗೆ’ ಅನಿಸಿದ ಒಂದು ಗಳಿಗೆ ಬರೆಯಲಿ. ದೊಡ್ಡದಾಗಿರಬೇಕಿಲ್ಲ. ಜೊತೆಯಲ್ಲಿ ಯಾರಿದ್ದರು, ಮೈಯಲ್ಲಿ ಹುರುಪಿತ್ತಾ ಇಲ್ಲ ನೆಮ್ಮದಿಯಿತ್ತಾ, ಅದನ್ನು ಯಾರಿಗಾದರೂ ಹೇಳಿಕೊಂಡರಾ, ಇಷ್ಟು ಸಾಕು. ಆಮೇಲೆ ನಾಲ್ಕು ನಾಲ್ಕು ಜನರ ಗುಂಪು. ಒಂದೇ ದೇಶದ ಇಬ್ಬರು ಒಂದೇ ಗುಂಪಿನಲ್ಲಿ ಬೇಡ. ಗೋಡೆಯ ಮೇಲೆ ದೊಡ್ಡ ಚಾರ್ಟ್ ಹಾಕಿ. ಒಂದು ಕಡೆ ಹುರುಪು, ಎದುರು ಕಡೆ ನೆಮ್ಮದಿ. ಮೇಲೆ ಒಬ್ಬರೇ ಇದ್ದದ್ದು, ಕೆಳಗೆ ಜನರ ಜೊತೆ ಇದ್ದದ್ದು. ತಮ್ಮ ಹಾಳೆ ಎಲ್ಲಿ ಅಂಟಿಸಬೇಕು ಅಂತ ಅವರವರೇ ತೀರ್ಮಾನ ಮಾಡಲಿ.

ಇಷ್ಟಾದ ಮೇಲೆ ನೀವು ಬಾಯಿ ಬಿಡಿ. ಜೀನ್ ಸೈ ಅವರ ಕೆಲಸ ಇಲ್ಲಿ ಸರಿಯಾಗಿ ಕೂರುತ್ತದೆ. ಜನರಿಗೆ ಏನು ಅನಿಸುತ್ತದೆ ಅನ್ನುವುದು ಬೇರೆ, ಏನು ಅನಿಸಬೇಕು ಅಂತ ಅವರು ಬಯಸುತ್ತಾರೆ ಅನ್ನುವುದು ಬೇರೆ. 2006ರ ಅಧ್ಯಯನದಲ್ಲಿ ಹಾಂಗ್‌ಕಾಂಗ್‌ನ ಚೀನೀಯರಿಗೆ ಹೋಲಿಸಿದರೆ ಯುರೋಪಿಯನ್ ಮೂಲದ ಅಮೆರಿಕನ್ನರು ಉತ್ಸಾಹ, ಹುರುಪನ್ನು ಜಾಸ್ತಿ ಬಯಸಿದರು. ಹಾಂಗ್‌ಕಾಂಗ್‌ನವರು ಶಾಂತಿ, ನೆಮ್ಮದಿಯನ್ನು ಅವರಿಗಿಂತ ಜಾಸ್ತಿ ಬಯಸಿದರು. ಮರುವರ್ಷ ಇವರ ತಂಡ ಮಕ್ಕಳ ಕಥೆ ಪುಸ್ತಕಗಳ ಚಿತ್ರಗಳನ್ನು ಅಳೆಯಿತು. ಅಮೆರಿಕದ ಪುಸ್ತಕಗಳಲ್ಲಿ ನಗು ಅಗಲ, ತೈವಾನಿನ ಪುಸ್ತಕಗಳಲ್ಲಿ ಮುಖ ಶಾಂತ. ಶಾಲೆಗೆ ಸೇರುವ ಮೊದಲೇ ಮಕ್ಕಳು ಯಾವ ನಗು ಒಳ್ಳೆಯ ನಗು ಅಂತ ಕಲಿತಿರುತ್ತಾರೆ. ನನಗೆ ಇಡೀ ಈ ಕ್ಷೇತ್ರದಲ್ಲಿ ಬಹಳ ಇಷ್ಟವಾದ ಅಧ್ಯಯನ ಇದು.

ಕೊನೆಯ ಅರ್ಧ ಗಂಟೆ ಗುಂಪಿಗೆ ಒಂದು ಕೆಲಸ ಕೊಡಿ: ನಾಲ್ವರೂ ಒಪ್ಪುವ ಐದು ಪ್ರಶ್ನೆಗಳ ಹೊಸ ಸ್ಕೇಲ್ ಬರೆಯಿರಿ ಅಂತ. ಜಗಳ ಆಗುತ್ತದೆ, ಆಗಲಿ. ಮುಗಿದ ಮೇಲೆ ಡೀನರ್ ಅವರ ಐದು ವಾಕ್ಯ ತೋರಿಸಿ. ಪಕ್ಕದಲ್ಲಿ ಹಿಟೊಕೊಟೊ ಮತ್ತು ಉಚಿದಾ 2015ರಲ್ಲಿ ಕೊಟ್ಟ ಒಂಬತ್ತು ವಾಕ್ಯಗಳ ಸ್ಕೇಲ್ ಇಡಿ. ಸುತ್ತಲಿನವರೂ ಖುಷಿಯಾಗಿದ್ದಾರಾ, ಬೇರೆಯವರಿಗೆ ತೊಂದರೆ ಕೊಡದೆ ಬದುಕುತ್ತಿದ್ದೀನಾ, ಸುತ್ತಲಿನವರ ಮಟ್ಟಕ್ಕೆ ನಾನೂ ಇದ್ದೀನಾ, ಇಂಥದ್ದನ್ನು ಅದು ಕೇಳುತ್ತದೆ. ಎರಡೂ ಸ್ಕೇಲ್ ಸರಿಯೇ. ಒಂದರಲ್ಲಿ ಬಾಳು ‘ನನ್ನದು’, ಇನ್ನೊಂದರಲ್ಲಿ ‘ನಮ್ಮದು’.

ಅಳತೆಗೋಲು:

ನಾನು ಪಿಎಚ್‌ಡಿ ಮಾಡುತ್ತಿರುವುದು ಮನಶ್ಶಾಸ್ತ್ರದ ಅಳತೆಗಳ ಮೇಲೆ. ಹಳೇ ಡೆಲಿಗೇಟ್ ಮೇಡಂ ಹೇಳಿದ ಕಾರ್ಯಾಗಾರದ ರೂಪ ನನಗೆ ಹಿಡಿಸಿತು. ಆದರೆ ಒಂದು ಎಚ್ಚರಿಕೆ. ಅಂಕಿಗಳೆಲ್ಲ ಸುಳ್ಳು ಅನ್ನುವ ಭಾವನೆ ಇಟ್ಟುಕೊಂಡು ಯಾರೂ ಎದ್ದು ಹೋಗಬಾರದು. ದೇಶಗಳ ನಡುವೆ ಬಾಳಿನ ತೃಪ್ತಿಯ ಅಂತರ ದೊಡ್ಡದಾಗಿಯೇ ಇದೆ, ಬಡತನ, ಯುದ್ಧ, ಕಾಯಿಲೆ ಬಿದ್ದವರಿಗೆ ಆಸರೆ ಇಲ್ಲದಿರುವುದು ನಿಜಕ್ಕೂ ಅಂಕ ಇಳಿಸುತ್ತವೆ. ಅದನ್ನು ಬರೀ ಉತ್ತರ ಕೊಡುವ ಶೈಲಿ ಅಂತ ತಳ್ಳಿಹಾಕಿದರೆ ಕಷ್ಟದಲ್ಲಿರುವವರಿಗೆ ಅನ್ಯಾಯ ಮಾಡಿದ ಹಾಗೆ. ಹೋಲಿಸುವ ಮೊದಲು ಆ ಪ್ರಶ್ನೆಗಳು ಎರಡೂ ಕಡೆ ಒಂದೇ ರೀತಿ ಕೆಲಸ ಮಾಡುತ್ತವಾ ಅಂತ ಪರೀಕ್ಷೆ ಮಾಡಬೇಕು. ಅದಕ್ಕೆ ನೂರಾರು ಜನರ ಉತ್ತರ ಬೇಕು. ಮೂವತ್ತು ಜನರ ಕೋಣೆಯಲ್ಲಿ ಅದು ಆಗದ ಕೆಲಸ, ಅಷ್ಟೇ.

ಈಗ ಆ ಎರಡು ಸ್ಲೈಡ್. ಎರಡನ್ನೂ ಹಾಗೇ ಹಾಕಬೇಡಿ.

ಲಾಟರಿ ಅಧ್ಯಯನ ಬ್ರಿಕ್‌ಮನ್, ಕೋಟ್ಸ್, ಜಾನಾಫ್-ಬುಲ್ಮನ್ ಅವರದ್ದು, 1978. ಲಾಟರಿ ಗೆದ್ದವರು 22, ಅಪಘಾತಕ್ಕೆ ಒಳಗಾದವರು 29, ಹೋಲಿಕೆಗೆ ಇನ್ನೂ 22 ಜನ. 0ರಿಂದ 5ರ ಅಳತೆಯಲ್ಲಿ ಗೆದ್ದವರ ಸಂತೋಷ 4.00, ಹೋಲಿಕೆಯ ಗುಂಪಿನದು 3.82. ಇವೆರಡರ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸ ಇಲ್ಲ, ಅದು ಸರಿ. ಆದರೆ ಅಪಘಾತಕ್ಕೆ ಒಳಗಾದವರದು 2.96. ಅವರು ನಾವು ಅಂದುಕೊಂಡಷ್ಟು ದುಃಖದಲ್ಲಿ ಇರಲಿಲ್ಲ ನಿಜ. ಆದರೆ ‘ಅಷ್ಟೇ ಸಂತೋಷವಾಗಿದ್ದರು’ ಅನ್ನುವುದು ಮೂಲ ಲೇಖನದಲ್ಲೇ ಇಲ್ಲ. ಸ್ಲೈಡಿನಿಂದ ಸ್ಲೈಡಿಗೆ ಹೋಗುತ್ತಾ ಬೆಳೆದ ಮಾತು ಅದು.

ಮೂರಕ್ಕೊಂದು ಲೆಕ್ಕದ ಕಥೆಯನ್ನು ಮಾತ್ರ ಖಂಡಿತ ಹೇಳಿ, ವಿದ್ಯಾರ್ಥಿಗಳಿಗೆ ಅದಕ್ಕಿಂತ ಒಳ್ಳೆಯ ಕಥೆ ಇಲ್ಲ. 2005ರಲ್ಲಿ ಬಾರ್ಬರಾ ಫ್ರೆಡ್ರಿಕ್ಸನ್ ಮತ್ತು ಮಾರ್ಸಿಯಲ್ ಲೊಸಾಡಾ ಬರೆದ ಲೇಖನದಲ್ಲಿ 2.9013 ಅನ್ನುವ ಒಂದು ಗಡಿ ಇತ್ತು. ಒಳ್ಳೆಯ ಭಾವನೆಗಳ ಪಾಲು ಅದನ್ನು ದಾಟಿದರೆ ಮನುಷ್ಯ ಅರಳುತ್ತಾನೆ ಅಂತ. ದ್ರವಗಳ ಹರಿವಿಗೆ ಬಳಸುವ ಗಣಿತದಿಂದ ತೆಗೆದ ಸಂಖ್ಯೆ ಅದು. ಭಾವನೆಗಳಿಗೆ ನಾಲ್ಕು ದಶಮಾಂಶದ ನಿಖರತೆ ಎಲ್ಲಿಂದ ಬಂತು ಅಂತ ಕೇಳಿದವರು ನಿಕ್ ಬ್ರೌನ್. ಆಗ ಅವರು ಮಾಸ್ಟರ್ಸ್ ವಿದ್ಯಾರ್ಥಿ. ಭೌತವಿಜ್ಞಾನಿ ಅಲನ್ ಸೋಕಲ್ ಮತ್ತು ಮನಶ್ಶಾಸ್ತ್ರಜ್ಞ ಹ್ಯಾರಿಸ್ ಫ್ರೀಡ್‌ಮನ್ ಜೊತೆ ಸೇರಿ 2013ರಲ್ಲಿ ಅದೇ ಪತ್ರಿಕೆಯಲ್ಲಿ ಆ ಗಣಿತ ನಿಲ್ಲುವುದಿಲ್ಲ ಅಂತ ತೋರಿಸಿದರು. ಪತ್ರಿಕೆ ಆ ಭಾಗಕ್ಕೆ ತಿದ್ದುಪಡಿ ಪ್ರಕಟಿಸಿತು. ಒಳ್ಳೆಯ ಭಾವನೆಗಳು ಒಳ್ಳೆಯದು ಮಾಡುತ್ತವೆ ಅನ್ನುವುದು ಉಳಿದುಕೊಂಡಿದೆ, ಆ ಗಡಿ ಬಿದ್ದುಹೋಯಿತು. ಎಂಎ ಓದುತ್ತಿರುವವರು ತುಂಬಿದ ಕೋಣೆಯಲ್ಲಿ ಇದನ್ನು ಹೇಳಿದರೆ ಮುಖಗಳು ಹೇಗೆ ಬೆಳಗುತ್ತವೆ ನೋಡಿ.

ನೆರಳು:

ನಾನು ಕೌನ್ಸೆಲರ್. ಯಾರೂ ಹೇಳದ ಒಂದು ವಿಷಯ ಸೇರಿಸುತ್ತೇನೆ. ಮೂವತ್ತು ಜನರಲ್ಲಿ ಯಾರೋ ಒಬ್ಬರು ಇತ್ತೀಚೆಗೆ ಯಾರನ್ನಾದರೂ ಕಳೆದುಕೊಂಡಿರುತ್ತಾರೆ. ಯಾರೋ ಒಬ್ಬರು ಡಿಪ್ರೆಶನ್ನಿಗೆ ಔಷಧಿ ತೆಗೆದುಕೊಳ್ಳುತ್ತಿರುತ್ತಾರೆ. ‘ನಿಮ್ಮ ಸಂತೋಷದ ಗಳಿಗೆ ಬರೆಯಿರಿ’ ಅನ್ನುವುದು ಅವರಿಗೆ ಬಹಳ ಭಾರ. ಹಾಗಾಗಿ ಮೊದಲೇ ಹೇಳಿಬಿಡಿ: ಬರೆಯದೇ ಇರಬಹುದು, ಬರೆದದ್ದನ್ನು ತೋರಿಸದೇ ಇರಬಹುದು, ಹಳೆಯದೂ ಆಗಬಹುದು, ಮಧ್ಯೆ ಎದ್ದು ಹೊರಗೆ ಹೋಗಬಹುದು, ಕಾರಣ ಕೇಳುವುದಿಲ್ಲ. ಸಮ್ಮೇಳನದಲ್ಲಿ ಕಷ್ಟ ಆದರೆ ಯಾರನ್ನು ಕಾಣಬೇಕು ಅನ್ನುವುದನ್ನೂ ಸಂಘಟಕರಿಂದ ತಿಳಿದುಕೊಂಡು ಹೇಳಿ.

ಸಂತೋಷವಾಗಿರಲೇಬೇಕು ಅನ್ನುವ ಒತ್ತಡ ತಾನೇ ಒಂದು ಕಷ್ಟ. ಐರಿಸ್ ಮೌಸ್ ಮತ್ತು ಜೊತೆಗಾರರ 2011ರ ಪ್ರಯೋಗದಲ್ಲಿ ಕೆಲವರಿಗೆ ಸಂತೋಷ ಎಷ್ಟು ಮುಖ್ಯ ಅಂತ ಹೊಗಳುವ ಒಂದು ಬರಹ ಓದಿಸಿ, ಆಮೇಲೆ ಖುಷಿಯ ಫಿಲ್ಮ್ ತುಣುಕು ತೋರಿಸಿದರು. ಬರಹ ಓದದವರಿಗಿಂತ ಅವರಿಗೆ ಕಡಿಮೆ ಖುಷಿ ಆಯಿತು. 2015ರಲ್ಲಿ ಬ್ರೆಟ್ ಫೋರ್ಡ್ ತಂಡ ಇದನ್ನು ಬೇರೆ ದೇಶಗಳಲ್ಲಿ ನೋಡಿತು. ಅಮೆರಿಕದಲ್ಲಿ ಸಂತೋಷದ ಬೆನ್ನು ಹತ್ತಿದವರ ನೆಮ್ಮದಿ ಕಡಿಮೆ ಇತ್ತು. ರಷ್ಯಾ ಮತ್ತು ಪೂರ್ವ ಏಷ್ಯಾದಲ್ಲಿ ಉಲ್ಟಾ, ಬೆನ್ನು ಹತ್ತಿದವರ ನೆಮ್ಮದಿ ಜಾಸ್ತಿ ಇತ್ತು. ಅಲ್ಲಿನವರು ಸಂತೋಷವನ್ನು ಜನರ ಜೊತೆಯಲ್ಲಿ ಹುಡುಕುವುದೇ ಇದಕ್ಕೆ ಕಾರಣ ಅನ್ನುವುದು ಅವರ ವಿವರಣೆ. ನಿಮ್ಮ ಚಾರ್ಟಿನ ‘ಒಬ್ಬರೇ, ಜನರ ಜೊತೆ’ ಅನ್ನುವ ಗೆರೆಗೆ ಇದನ್ನು ಜೋಡಿಸಿ.

ಮಂದಾರ:

ಇಷ್ಟೊಂದು ಬರೆದಿದ್ದಕ್ಕೆ ಎಲ್ಲರಿಗೂ ಮನಸಾರೆ ಧನ್ಯವಾದ. ಮೇಡಂ, ನಿಮ್ಮ ಪ್ಲಾನ್ ಇಟ್ಟುಕೊಂಡು ಪೂರ್ತಿ ಹೊಸದಾಗಿ ಬರೆಯುತ್ತಿದ್ದೇನೆ. ಲಾಟರಿ ಸ್ಲೈಡ್ ತೆಗೆದೆ. 2.9013ರ ಕಥೆ ಖಂಡಿತ ಇರುತ್ತದೆ. ನೆರಳು ಅವರ ಮಾತನ್ನು ಮೊದಲ ಸ್ಲೈಡಿಗೇ ಹಾಕಿದ್ದೇನೆ.

ಎರಡು ಸಂದೇಹ ಉಳಿದಿವೆ. ಆ ಹಾಳೆಗಳನ್ನು ವಾಪಸ್ ತಂದು ನನ್ನ ಡಿಸರ್ಟೇಶನ್ನಿಗೆ ಬಳಸಬಹುದಾ? ಮತ್ತೆ ಆ ಸಾಂಸ್ಕೃತಿಕ ರಾತ್ರಿ, ಅದಕ್ಕೆ ಏನು ಮಾಡಲಿ?

ಅಳತೆಗೋಲು:

ಹಾಳೆಗಳನ್ನು ಬಳಸಬೇಡಿ. ಕಾರ್ಯಾಗಾರಕ್ಕೆ ಅಂತ ಬಂದವರು ಸಂಶೋಧನೆಗೆ ಒಪ್ಪಿಕೊಂಡು ಬಂದವರಲ್ಲ. ಡೇಟಾ ಬೇಕೇ ಬೇಕು ಅಂದರೆ ಹೊರಡುವ ಮುಂಚೆ ನಿಮ್ಮ ಕಾಲೇಜಿನ ಎಥಿಕ್ಸ್ ಕಮಿಟಿಯ ಅನುಮತಿ, ಪ್ರತಿಯೊಬ್ಬರ ಸಹಿ ಇರುವ ಒಪ್ಪಿಗೆ ಪತ್ರ, ಎರಡೂ ಬೇಕು. ಅದಕ್ಕಿಂತ ಅಲ್ಲಿ ಸಿಕ್ಕ ಇಬ್ಬರು ಮೂವರ ಜೊತೆ ಸೇರಿ, ವಾಪಸ್ ಬಂದ ಮೇಲೆ ಎಲ್ಲಾ ಕಡೆ ಒಟ್ಟಿಗೆ ಒಂದು ಸಣ್ಣ ಅಧ್ಯಯನ ಶುರು ಮಾಡುವುದು ಒಳ್ಳೆಯದು. ಯುರೋಪಿನ ಮನಶ್ಶಾಸ್ತ್ರ ವಿದ್ಯಾರ್ಥಿ ಸಂಘಗಳ ಒಕ್ಕೂಟ 1987ರಲ್ಲಿ ಲಿಸ್ಬನ್‌ನಲ್ಲಿ ಶುರುವಾಗಿದ್ದು. ಅವರು ವಿದ್ಯಾರ್ಥಿಗಳ ಸಂಶೋಧನೆಗೇ ಅಂತ ಒಂದು ಪತ್ರಿಕೆ ಮಾಡಿದರು. ಬಿಎ, ಎಂಎ ಮಟ್ಟದ ಕೆಲಸ ಹೇಗಿರುತ್ತದೆ ಅಂತ ಅದರ ಹಳೆಯ ಸಂಚಿಕೆಗಳನ್ನು ತೆಗೆದು ನೋಡಿ, ಧೈರ್ಯ ಬರುತ್ತದೆ.

ಹಳೇ ಡೆಲಿಗೇಟ್:

ಸಾಂಸ್ಕೃತಿಕ ರಾತ್ರಿಯ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ವೇದಿಕೆಗೆ ಜನ ಬೇಕು, ಪರದೆ ಎಳೆಯಲು, ಧ್ವನಿ ನೋಡಿಕೊಳ್ಳಲು, ಕಾರ್ಯಕ್ರಮದ ಪಟ್ಟಿ ಹಿಡಿದು ಯಾರ ಸರದಿ ಅಂತ ಕೂಗಲು. ಸಂಘಟಕರಿಗೆ ಈಗಲೇ ಬರೆದು ಆ ಕೆಲಸ ಕೇಳಿ ತೆಗೆದುಕೊಳ್ಳಿ. ಇದು ಸಮಾಧಾನಕ್ಕೆ ಹೇಳುತ್ತಿರುವ ಮಾತಲ್ಲ. ಗಾರ್ಡನ್ ಆಲ್ಪೋರ್ಟ್ 1954ರಲ್ಲೇ ಬರೆದಿದ್ದಾರೆ, ಬೇರೆ ಬೇರೆ ಗುಂಪಿನವರು ಬರೀ ಎದುರುಬದುರು ಬಂದರೆ ಸಾಲದು ಅಂತ. ಸಮಾನ ಸ್ಥಾನ, ಒಂದೇ ಗುರಿ, ಕೂಡಿ ಮಾಡುವ ಕೆಲಸ, ಮೇಲಿನವರ ಬೆಂಬಲ, ಈ ನಾಲ್ಕೂ ಇರಬೇಕು. ಪೆಟಿಗ್ರೂ ಮತ್ತು ಟ್ರಾಪ್ 2006ರಲ್ಲಿ 515 ಅಧ್ಯಯನಗಳನ್ನು ಒಟ್ಟು ಹಾಕಿ ನೋಡಿದರು. ಈ ನಾಲ್ಕು ಇಲ್ಲದಿದ್ದರೂ ಒಡನಾಟ ಪೂರ್ವಗ್ರಹವನ್ನು ಕಡಿಮೆ ಮಾಡುತ್ತದೆ, ಇದ್ದರೆ ಇನ್ನೂ ಜಾಸ್ತಿ. ಒಬ್ಬರು ಕುಣಿದು ಇನ್ನೊಬ್ಬರು ಚಪ್ಪಾಳೆ ಹೊಡೆಯುವುದರಲ್ಲಿ ಕೂಡಿ ಮಾಡುವ ಕೆಲಸ ಕಡಿಮೆ. ಪರದೆಯ ಹಿಂದೆ ಅದೇ ಜಾಸ್ತಿ. ನನಗೆ ಇವತ್ತಿಗೂ ಕಾಗದ ಬರೆಯುವ ಗೆಳತಿಯರು ಸಿಕ್ಕಿದ್ದು ಕುರ್ಚಿ ಜೋಡಿಸುವಾಗ.

ಬೇಗ ಬೆರೆಯಲ್ಲ ಅಂದಿರಿ. ಎರಿಕಾ ಬೂತ್‌ಬಿ ಮತ್ತು ಜೊತೆಗಾರರ 2018ರ ಕೆಲಸ ಓದಿ. ಹೊಸಬರಿಬ್ಬರು ಮಾತಾಡಿದ ಮೇಲೆ, ಎದುರಿನವರಿಗೆ ತಾವು ಎಷ್ಟು ಇಷ್ಟವಾದೆವು ಅನ್ನುವುದನ್ನು ಇಬ್ಬರೂ ನಿಜಕ್ಕಿಂತ ಕಡಿಮೆ ಅಂದಾಜು ಮಾಡುತ್ತಾರೆ. ನಾಚಿಕೆ ಜಾಸ್ತಿ ಇರುವವರಲ್ಲಿ ಈ ಅಂತರ ಇನ್ನೂ ದೊಡ್ಡದು. ಅಂದರೆ ನೀವು ಊಟದ ಮೇಜಿನಿಂದ ಎದ್ದು ಹೋಗುವಾಗ ‘ನನ್ನ ಮಾತು ಸಪ್ಪೆ ಆಯಿತೇನೋ’ ಅಂದುಕೊಳ್ಳುತ್ತೀರಲ್ಲ, ಅಷ್ಟು ಹೊತ್ತಿಗೆ ಅಲ್ಲಿ ಕೂತವರಿಗೆ ನೀವು ಇಷ್ಟ ಆಗಿರುತ್ತೀರಿ.

ಒಂದು ಮಾತು ಬಿಟ್ಟುಹೋಗಿತ್ತು. ಸಮಾನ ಸ್ಥಾನ ಅಂದೆನಲ್ಲ, ಆ ಕೋಣೆಯಲ್ಲಿ ಅದನ್ನು ಮೊದಲು ಕೆಡಿಸುವುದು ಇಂಗ್ಲಿಷು. ಚೆನ್ನಾಗಿ ಬರುವವರು ಐದು ನಿಮಿಷದಲ್ಲಿ ಚರ್ಚೆಯನ್ನು ಕೈಗೆ ತೆಗೆದುಕೊಳ್ಳುತ್ತಾರೆ, ಉಳಿದವರು ತಲೆ ಆಡಿಸುತ್ತಾ ಕೂರುತ್ತಾರೆ. ಆ ಮೊದಲ ಹಾಳೆಯನ್ನು ಎಲ್ಲರೂ ತಮ್ಮ ತಮ್ಮ ಭಾಷೆಯಲ್ಲೇ ಬರೆಯಲಿ, ಬರೆಯುವಾಗ ಯಾರೂ ಮಾತಾಡುವುದು ಬೇಡ. ಗುಂಪಿನಲ್ಲಿ ಹೇಳುವಾಗ ಇಂಗ್ಲಿಷ್ ಕಡಿಮೆ ಬರುವವರಿಂದ ಶುರು ಮಾಡಿ, ಒಬ್ಬೊಬ್ಬರಿಗೂ ಗಡಿಯಾರ ಇಟ್ಟು ಒಂದೇ ಸಮಯ ಕೊಡಿ. ಚಾರ್ಟ್ ಪೇಪರ್, ಅಂಟು, ದಪ್ಪ ಪೆನ್ನುಗಳು ಅಲ್ಲೇ ಕೊಡುತ್ತಾರಾ ಅಂತ ಇವತ್ತೇ ಮೇಲ್ ಮಾಡಿ ಕೇಳಿ. ಇಲ್ಲ ಅಂದರೆ ಬ್ಯಾಗಿನಲ್ಲಿ ಜಾಗ ಇಟ್ಟುಕೊಳ್ಳಬೇಕಾಗುತ್ತದೆ.